ಕ್ಯಾಸ್ಪರ್‌ಗೆ ನೋವಾದಾಗ

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು 2005ರಿಂದ ಬೆಳೆಸಿದ ಕ್ಯಾಸ್ಪರ್ ಎಂಬ ರೋಬೋಟ್ ಇದೆ. ಪುಟ್ಟ ಹುಡುಗನಷ್ಟು ಗಾತ್ರ. ಮುಖದಲ್ಲಿ ಬೇಕೆಂದೇ ಹೆಚ್ಚು ಭಾವ ಇಟ್ಟಿಲ್ಲ. ನಮ್ಮ ಹುಬ್ಬು, ಕಣ್ಣು, ತುಟಿ ಎಲ್ಲ ಒಟ್ಟೊಟ್ಟಿಗೆ ಏನೇನೋ ಹೇಳುತ್ತಿರುತ್ತವಲ್ಲ, ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಆ ಗದ್ದಲವೇ ಸುಸ್ತು. ಕ್ಯಾಸ್ಪರ್ ಮೈಯಲ್ಲಿ ಸ್ಪರ್ಶ ಗುರುತಿಸುವ ಸೆನ್ಸರ್‌ಗಳಿವೆ. ಮೆಲ್ಲಗೆ ಮುಟ್ಟಿದರೆ ಖುಷಿ. ಜೋರಾಗಿ ಹೊಡೆದರೆ ‘ಅಯ್ಯೋ, ನೋವಾಯ್ತು’ ಅನ್ನುತ್ತದೆ. ಮಗು ಎಷ್ಟು ಸಲ ಹೊಡೆದರೂ ಅದೇ ದನಿ, ಸಿಡುಕಿಲ್ಲ. ಪಕ್ಕದಲ್ಲಿ ಕೂತ ದೊಡ್ಡವರು ಆಗ ಮಗುವಿನ ಕೈ ಹಿಡಿದು ‘ಹೀಗೆ, ನಿಧಾನ’ ಎಂದು ತೋರಿಸಿಕೊಡಬಹುದು. ನನಗೆ ಮುಖ್ಯ ಅನ್ನಿಸುವುದು ಪಕ್ಕದಲ್ಲಿರುವ ಆ ಮನುಷ್ಯರೇ.

ಅಮೆರಿಕದ ಯೇಲ್ ಸಂಶೋಧಕರು ಆಟಿಸಂ ಇರುವ 12 ಮಕ್ಕಳ ಮನೆಗಳಲ್ಲಿ ಒಂದು ತಿಂಗಳು, ದಿನಕ್ಕೆ ಅರ್ಧ ಗಂಟೆ ಬೇರೊಂದು ರೋಬೋಟ್ ಜೊತೆ ಆಟ ಆಡಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳು ದೊಡ್ಡವರ ಕಡೆ ಗಮನ ಕೊಡುವುದು ಹೆಚ್ಚಿತ್ತು. ರೋಬೋಟ್ ತೆಗೆದು ತಿಂಗಳಾದ ಮೇಲೆ ಅದು ಅಷ್ಟೇ ಮಟ್ಟದಲ್ಲಿ ಉಳಿಯಲಿಲ್ಲ.

ಹಾಗಾಗಿ ಥೆರಪಿಸ್ಟ್ ಬದಲಿಗೆ ರೋಬೋಟ್ ಒಂದೇ ಸಾಕು ಎನ್ನುವವರನ್ನು ಕಂಡರೆ ಭಯವಾಗುತ್ತದೆ. ರೋಬೋಟ್‌ನ ಕ್ಯಾಮೆರಾ ಮಗುವಿನ ಮುಖ ನೋಡಿ ‘ಸಂತೋಷ’ ಎಂದು ಬರೆದುಕೊಳ್ಳಬಹುದು. ಆದರೆ ಕೆಲವು ಮಕ್ಕಳ ಸಂತೋಷ ಕಾಣುವುದು ಪಟಪಟನೆ ಆಡುವ ಕೈಬೆರಳಲ್ಲಿ. ಅದು ಗೊತ್ತಿರುವುದು ಹೆತ್ತವರಿಗೆ; ಅವರನ್ನು ಕೂರಿಸಿಕೊಂಡೇ ಈ ಯಂತ್ರಗಳಿಗೆ ಪಾಠ ಹೇಳಿಸಬೇಕು.