ರೋಸಾನಾಳ ಕುದುರೆ, ನನ್ನ ಫೋನು

ಅಣ್ಣ ಇದನ್ನೆಲ್ಲ ಓದೋದಿಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ. 1880ರ ಸುಮಾರು, ಅಮೆರಿಕದ ಕೆಂಟಕಿ ಗಡಿಯಲ್ಲಿ ಮೆಕಾಯ್, ಹ್ಯಾಟ್‌ಫೀಲ್ಡ್ ಮನೆತನಗಳಿಗೆ ಹಗೆ. ಮೆಕಾಯ್ ಹುಡುಗಿ ರೋಸಾನಾ ಪ್ರೀತಿಸಿದ್ದು ಹ್ಯಾಟ್‌ಫೀಲ್ಡರ ಜಾನ್ಸಿಯನ್ನು. ತನ್ನವರೇ ಅವನನ್ನು ಹಿಡಿದಾಗ, ರಾತ್ರೋರಾತ್ರಿ ಕುದುರೆ ಏರಿ ಅವನಪ್ಪನಿಗೆ ಸುದ್ದಿ ಮುಟ್ಟಿಸಿದಳು. ಜಾನ್ಸಿ ಉಳಿದ. ಆಮೇಲೆ ಮದುವೆಯಾದದ್ದು ಅವಳ ಚಿಕ್ಕಪ್ಪನ ಮಗಳು ನ್ಯಾನ್ಸಿಯನ್ನು!

ನಮ್ಮದು ಬರೀ ಬದುವಿನ ಜಗಳ. ಎರಡು ಮನೆಗೆ ಮಾತಿಲ್ಲದೆ ಹನ್ನೊಂದು ವರ್ಷ. ಹೋದ ಯುಗಾದಿಗೆ ಅಣ್ಣ ಜನ ಕಟ್ಟಿಕೊಂಡು ಹೊಲಕ್ಕೆ ಹೊರಟಾಗ, ನಾನು ಬಚ್ಚಲುಮನೆಯಲ್ಲಿ ನಿಂತು ಆ ಮನೆ ಹುಡುಗನಿಗೆ ಫೋನ್ ಮಾಡಿದೆ. ಅವರು ಹೊಲದ ಕಡೆ ಬರಲೇ ಇಲ್ಲ. ಯಾರಿಗೂ ಪೆಟ್ಟಾಗಲಿಲ್ಲ.

ಸುದ್ದಿ ಕೊಟ್ಟವರು ಯಾರು ಅಂತ ಅಣ್ಣ ಇನ್ನೂ ಹುಡುಕ್ತಿದ್ದಾನೆ. ಊರಿಗೆ ಹೋದರೆ ನನ್ನ ತಟ್ಟೆಗೆ ತುಪ್ಪ ಬಡಿಸೋನೂ ಅವನೇ.