ಹಾಜರಿ ಬರೆದವನ ಹಾಜರಿ

ಮಂಗಳೂರಿನ ಹತ್ತಿರ, ಫಲ್ಗುಣಿ ಹೊಳೆಯ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ರೈಟರ್ ಆಗಿದ್ದೆ. ಒಂದೇ ಕುಟುಂಬದ ಮೂರು ತಲೆಮಾರು ನಡೆಸಿದ ಕಾರ್ಖಾನೆ. 1976ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದವನು 2014ರಲ್ಲಿ ಗೇಟಿಗೆ ಬೀಗ ಬೀಳುವವರೆಗೂ ಅಲ್ಲೇ ಇದ್ದೆ. ಬೇರೆ ಯಾರ ಕೈಯಿಂದಲೂ ಸಂಬಳ ತೆಗೆದುಕೊಂಡವನಲ್ಲ. ಬೀಗ ಬಿದ್ದ ಮೇಲೆ ಗ್ರಾಚ್ಯುಟಿ ಕೇಳಲು ಹೋದರೆ, ನಾನು ಅಲ್ಲಿ ಇದ್ದೆನೆಂಬುದನ್ನೇ ರುಜುವಾತು ಮಾಡಬೇಕಾಗಿ ಬಂತು. ಅದಕ್ಕೆ ಮೂರು ವರ್ಷ ಹಿಡಿಯಿತು.

ನನ್ನ ಅಪ್ಪ ಅದೇ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ದೊಡ್ಡ ಧಣಿಗಳು ಅಪ್ಪನ ಹತ್ತಿರ "ಮಗನ ಕೈಬರಹ ಚೆಂದ ಉಂಟಂತಲ್ಲ, ಕಳಿಸು" ಎಂದರು. ಅಷ್ಟೇ ನನ್ನ ನೇಮಕಾತಿ. ಕಾಗದವಿಲ್ಲ, ನಂಬರಿಲ್ಲ. ಶನಿವಾರ ಎಲ್ಲರ ಬಟವಾಡೆ ಮುಗಿದ ಮೇಲೆ ಧಣಿಗಳು ಅಂಗಿಯ ಕಿಸೆಯಿಂದ ನೋಟು ತೆಗೆದು ಕೊಡುತ್ತಿದ್ದರು. ಅದು ಕಾರ್ಖಾನೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ, ಧಣಿಗಳ ಮನೆಖರ್ಚಿನಲ್ಲಿ ಸೇರುತ್ತಿತ್ತು. "ನೀನು ಮನೆಯ ಜನ, ನಿನಗ್ಯಾಕೆ ಹಾಜರಿ?" ಎನ್ನುತ್ತಿದ್ದರು. ಹದಿನೆಂಟರ ಹುಡುಗನಿಗೆ ಅದು ಬಡ್ತಿಯಂತೆ ಕೇಳಿಸಿತು.

ಹಾಜರಿ ಪುಸ್ತಕ ಬರೆಯುವುದೇ ನನ್ನ ಮೊದಲ ಕೆಲಸವಾಗಿತ್ತು ಎಂಬುದು ಇದರ ತಮಾಷೆ. ಮಣ್ಣಿನವರು, ಪ್ರೆಸ್ಸಿನವರು, ತಲೆಯ ಮೇಲೆ ಹಂಚು ಹೊರುವ ಹೆಂಗಸರು, ಭಟ್ಟಿಯವರು, ಎಲ್ಲರ ಹೆಸರಿನ ಮುಂದೆ ದಿನಾ ಗುರುತು ಹಾಕುತ್ತಿದ್ದೆ. ಆ ಪುಸ್ತಕದಲ್ಲಿ 1992ರವರೆಗೆ ನನ್ನ ಹೆಸರೇ ಇಲ್ಲ. ಆ ವರ್ಷ ಭವಿಷ್ಯನಿಧಿಯ ಇನ್‌ಸ್ಪೆಕ್ಟರರು ಬಂದು, ಮೇಜಿನ ಹಿಂದೆ ಕುಳಿತಿದ್ದ ನನ್ನನ್ನು ನೋಡಿ "ಇವರು ಯಾರು?" ಎಂದು ಕೇಳಿದ ಮೇಲೆ ನನ್ನ ಹೆಸರನ್ನು ನಾನೇ ಬರೆದುಕೊಂಡೆ.

ಕೆಲಸ ಬೇಸರದ್ದಾಗಿರಲಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಊರಿನ ಕುಟುಂಬಗಳೂ ಆ ವಿದ್ಯೆ ಕಲಿತು ಹೊಳೆಬದಿಯಲ್ಲಿ ಸಾಲಾಗಿ ಚಿಮಣಿ ಎಬ್ಬಿಸಿದ್ದವು. ಮಳೆ ಹಿಡಿಯುವ ಮೊದಲು ವರ್ಷಕ್ಕಾಗುವಷ್ಟು ಆವೆಮಣ್ಣು ತಂದು ಗುಡ್ಡೆ ಹಾಕಬೇಕು. ಗದ್ದೆಯಲ್ಲಿ ನೀರು ನಿಂತ ಮೇಲೆ ಮಣ್ಣು ಸಿಕ್ಕುವುದಿಲ್ಲ. ಆ ಮಣ್ಣನ್ನು ಹದ ಮಾಡಿ, ಅರೆದು, ಪ್ರೆಸ್ಸಿನಲ್ಲಿ ಒತ್ತಿ, ಅಂಚು ಕೆತ್ತಿ, ನೆರಳಿನಲ್ಲಿ ಅಟ್ಟದ ಮೇಲೆ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಒಣಗುವುದೇ ಇಲ್ಲ. ಅಂಥ ಹೊತ್ತಿಗೆ ಭಟ್ಟಿಯ ಮೇಲಿನ ಅಟ್ಟವೇ ಗತಿ. ಬೆಂದ ಹಂಚನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಿದ್ದರು. ಖಣ್ ಎಂದರೆ ಒಂದನೇ ನಂಬರು, ದಬ್ಬ ಎಂದರೆ ಬದಿಗೆ. ಲೆಕ್ಕದ ಮೇಜಿನಲ್ಲಿ ಕುಳಿತೇ, ಶಬ್ದ ಕೇಳಿ, ಆವತ್ತಿನ ಭಟ್ಟಿ ಲಾಭದ್ದೋ ನಷ್ಟದ್ದೋ ಎಂದು ಹೇಳುವಷ್ಟು ನನ್ನ ಕಿವಿ ಪಳಗಿತ್ತು. ಹಂಚಿನ ಹೊಟ್ಟೆಯ ಮೇಲೆ ಕುಟುಂಬದ ಹೆಸರು ಅಚ್ಚಾಗಿರುತ್ತಿತ್ತು. ಬಸ್ಸಿನಲ್ಲಿ ಹೋಗುವಾಗ ಯಾರದ್ದಾದರೂ ಹೊಸ ಮನೆಯ ಮಾಡು ಕಂಡರೆ ಅದು ನಮ್ಮದೇ ಇರಬೇಕೆಂದು ಅನಿಸುತ್ತಿತ್ತು. ಮಾಡಿನಲ್ಲಿದ್ದ ಆ ಹೆಸರು ನನ್ನದಲ್ಲ, ಆದರೂ.

ಸಂಘ ಬಂತು, ಮುಷ್ಕರಗಳಾದವು. ಕೆಲಸದವರು ಗೇಟಿನ ಹೊರಗೆ ಕುಳಿತಿದ್ದಾಗ ನಾನು ಒಳಗಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ, ರೈಟರ್ ಧಣಿಗಳ ಕಡೆಯವನೆಂದು ಅವರಿಗೆ ಗೊತ್ತಿತ್ತು. ಅವರ ಬೇಡಿಕೆಪಟ್ಟಿಗೆ ಧಣಿಗಳ ಉತ್ತರವನ್ನು ಟೈಪು ಮಾಡಿಸಿ ತರುತ್ತಿದ್ದವನೂ ನಾನೇ. ಅವರು ಹೋರಾಡಿ ತುಟ್ಟಿಭತ್ಯೆ ಪಡೆದರು. ನನ್ನ ಸಂಬಳ ಏರುತ್ತಿದ್ದುದು ಧಣಿಗಳಿಗೆ ನೆನಪಾದಾಗ. ಆದರೆ ಒಂದು ಮಾತು ಹೇಳಲೇಬೇಕು: ದೊಡ್ಡ ಧಣಿಗಳು ಇರುವಷ್ಟು ಕಾಲ ನೆನಪಾಗುತ್ತಿತ್ತು. ನನ್ನ ಮದುವೆಗೆ ಚಪ್ಪರದ ಖರ್ಚು ಕೊಟ್ಟವರು ಅವರು. ಅಪ್ಪ ಹಾಸಿಗೆ ಹಿಡಿದಾಗ ತಮ್ಮ ಅಂಬಾಸಿಡರ್ ಕಾರನ್ನೇ ಕಳಿಸಿದರು. ಕೇಸು ಹಾಕಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ನನ್ನನ್ನು ಕಾಡಿದ್ದು ಈ ಕಾರೇ.

ಕಾರ್ಖಾನೆ ನಿಧಾನವಾಗಿ ಕೆಟ್ಟಿತು. ಜನ ತಾರಸಿ ಮನೆ ಕಟ್ಟತೊಡಗಿದರು. ಗದ್ದೆಯ ಮಣ್ಣು ತೆಗೆಯಲು ಕಟ್ಟುಪಾಡು ಬಂತು, ಕಟ್ಟಿಗೆಯ ದರ ಏರಿತು. ಮೂರನೇ ತಲೆಮಾರಿನ ಹುಡುಗನಿಗೆ ಭಟ್ಟಿಗಿಂತ ಹೊಳೆಬದಿಯ ಜಾಗ ಹೆಚ್ಚು ಬೆಲೆಯದ್ದೆಂದು ಗೊತ್ತಿತ್ತು. ಅದು ತಪ್ಪು ಲೆಕ್ಕವೇನಲ್ಲ. ನಾನೇ ಬರೆದ ಕೊನೆಯ ವರ್ಷಗಳ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಈಗ ಹೋಂಸ್ಟೇ ಕಟ್ಟುವವರು ಹಳೆ ಹಂಚು ಹುಡುಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಾರೆ, ಅದು ಬೇರೆ.

2014ರ ಮಳೆಗಾಲ ಮುಗಿದರೂ ಭಟ್ಟಿಗೆ ಬೆಂಕಿ ಬೀಳಲಿಲ್ಲ. ಉಳಿದಿದ್ದ ಕೆಲಸದವರೊಂದಿಗೆ ಸಂಘದವರು ಕುಳಿತು ಮಾತಾಡಿ ಲೆಕ್ಕ ಚುಕ್ತಾ ಮಾಡಿಸಿದರು. ಆ ಪಟ್ಟಿಯನ್ನೂ ನಾನೇ ಬರೆದೆ. "ನಿಮ್ಮದು ಆಮೇಲೆ ನೋಡುವ" ಎಂದರು ಸಣ್ಣ ಧಣಿ. ನಾನು ನೋಡುತ್ತಾ ಕುಳಿತೆ. ಐವತ್ತಾರು ದಾಟಿತ್ತು, ಬೇರೆ ಕೆಲಸ ಸಿಗುವ ಪ್ರಾಯವಲ್ಲ. ಮನೆ ನಡೆದದ್ದು ಹೆಂಡತಿ ಕಟ್ಟುವ ಬೀಡಿಯಿಂದ. ಅವಳ ಬೀಡಿಪುಸ್ತಕದಲ್ಲಿ ಯಾವ ದಿನ ಎಷ್ಟು ಸಾವಿರ ಬೀಡಿ, ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ಎಂಬುದೆಲ್ಲ ಉಂಟು, ಪಿಎಫ್ ನಂಬರೂ ಉಂಟು. ಜಗಲಿಯಲ್ಲಿ ಕುಳಿತು ದುಡಿದವಳ ದಾಖಲೆ ಆಫೀಸಿನಲ್ಲಿ ಕುಳಿತವನ ದಾಖಲೆಗಿಂತ ಗಟ್ಟಿಯಾಗಿತ್ತು.

ಆಗ ಇದ್ದ ಗ್ರಾಚ್ಯುಟಿಯ ಕಾಯ್ದೆ 1972ರದ್ದು. ಲೆಕ್ಕ ಸರಳ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ನನ್ನ ಕೈಗೆ ಬರುತ್ತಿದ್ದುದು 14,000 ರೂಪಾಯಿ. 38 ವರ್ಷಕ್ಕೆ ಮೂರು ಲಕ್ಷದ ಮೇಲಾಗುತ್ತದೆ. ಆದರೆ ರಿಜಿಸ್ಟರಿನಲ್ಲಿ ವೇತನವೆಂದು ಇದ್ದದ್ದು 9,000, ಉಳಿದ ಐದು ಸಾವಿರ ಓಡಾಟದ ಖರ್ಚಿನ ವೋಚರು. ಸೇವೆ ಶುರುವಾದದ್ದು 1992. ಹಾಗೆ ಹಿಡಿದರೆ ಒಂದು ಲಕ್ಷ ಹದಿನಾಲ್ಕು ಸಾವಿರ ಚಿಲ್ಲರೆ. ಅದನ್ನೂ ಕೊಡಲಿಲ್ಲ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮೂರು ಸಲ ಬರೆದೆ, ಉತ್ತರವಿಲ್ಲ. ಕೊನೆಗೆ ಹಿಂದೆ ಗೇಟಿನ ಹೊರಗೆ ಕುಳಿತಿದ್ದ ಸಂಘದ ಮುಖಂಡರ ಬಳಿಗೇ ಹೋದೆ. ಅವರು ಹಳೆಯದನ್ನು ಎತ್ತಲಿಲ್ಲ. ಕುರ್ಚಿ ಎಳೆದು ಕೊಟ್ಟು, ಕಾರ್ಮಿಕ ಇಲಾಖೆಗೆ ಅರ್ಜಿ ಬರೆಸಿದರು.

ವಿಚಾರಣೆಯೆಂದರೆ ಕಾಯುವುದು. ಒಮ್ಮೆ ಅಧಿಕಾರಿ ರಜೆ, ಒಮ್ಮೆ ಧಣಿಗಳ ವಕೀಲರಿಗೆ ಬೇರೆ ಕೋರ್ಟು, ಒಮ್ಮೆ ವರ್ಗಾವಣೆಯಾಗಿ ಎಲ್ಲ ಮೊದಲಿಂದ. ಪಾಟೀಸವಾಲಿನ ದಿನ ವಕೀಲರು ಹಾಜರಿ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟು ಕೇಳಿದರು.

"ಈ ಬರಹ ಯಾರದ್ದು?"

"ನನ್ನದು."

"1992ರ ಹಿಂದೆ ಇದರಲ್ಲಿ ನಿಮ್ಮ ಹೆಸರು ಎಲ್ಲಿ ಉಂಟು, ತೋರಿಸಿ."

ಬರಹ ನನ್ನದು ಎಂದ ಮೇಲೆ ಬರೆದವನು ಅಲ್ಲಿದ್ದ ಎಂದಾಗಲಿಲ್ಲವೇ ಎಂದು ನಮ್ಮ ಮುಖಂಡರು ಎದ್ದು ನಿಂತರು. "ಮನೆಯ ಹುಡುಗ, ಬಿಡುವಿದ್ದಾಗ ಬರೆದುಕೊಟ್ಟಿರಬಹುದು" ಎಂದರು ವಕೀಲರು. ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ, ಬೆವರು ಬಂತು. ಆ ರಾತ್ರಿ ಊಟ ಇಳಿಯಲಿಲ್ಲ. ಹದಿನಾರು ವರ್ಷದ ದುಡಿತವನ್ನು ಬಿಡುವಿನ ಬರಹ ಎಂದು ಹೇಳಿಸಿಕೊಂಡವನಿಗೆ ಅದು ಹೇಗೆ ಇಳಿಯಬೇಕು?

ನನ್ನನ್ನು ಎತ್ತಿದ್ದು ಎರಡು. ಒಂದು, ಹಂಚು ಹೊರುತ್ತಿದ್ದ ಇಬ್ಬರು ಮುದುಕಿಯರು. ಅವರ ಶನಿವಾರದ ಬಟವಾಡೆಯಲ್ಲಿ ಎಷ್ಟೋ ಸಲ ಅರ್ಧ ದಿನ ಹಿಡಿದವನು ನಾನು. ಆದರೂ ಬಸ್ಸು ಹಿಡಿದು ಬಂದು, "ಇವ ಅಲ್ಲದೆ ಮತ್ತೆ ಯಾರು ಬರೆಯುವುದು?" ಎಂದು ತುಳುವಿನಲ್ಲಿ ಸಾಕ್ಷಿ ಹೇಳಿದರು. ಇನ್ನೊಂದು, ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿ ಹಡಗಿಗೆ ಹಂಚು ತುಂಬಿಸಿದ ಚಲನ್ನುಗಳು. ಏಜೆಂಟರ ಹಳೆ ಗೋದಾಮಿನಲ್ಲಿ ಗೆದ್ದಲು ಬಿಟ್ಟು ಉಳಿಸಿದ ಕಟ್ಟೊಂದು ಸಿಕ್ಕಿತು. ಕಾರ್ಖಾನೆಯ ಪರವಾಗಿ ನನ್ನ ರುಜು, ಮೊಹರು, ತಾರೀಖು. ಎಲ್ಲಕ್ಕಿಂತ ಹಳೆಯದು 1981ರದ್ದು.

2017ರಲ್ಲಿ ಆದೇಶ ಬಂತು. ಸೇವೆ 1981ರಿಂದ, 33 ವರ್ಷ. ವೇತನ ಮಾತ್ರ ರಿಜಿಸ್ಟರಿನದ್ದೇ. ವೋಚರಿನ ಮೇಲೂ ನನ್ನದೇ ಸಹಿ ಇತ್ತಲ್ಲ. ಒಟ್ಟು 1,71,346 ರೂಪಾಯಿ, ಅದರ ಮೇಲೆ ಶೇಕಡಾ 10ರ ಸರಳಬಡ್ಡಿ. ಮೊದಲ ಐದು ವರ್ಷ ಎಲ್ಲಿಯೂ ಸೇರಲಿಲ್ಲ. ಮೇಲ್ಮನವಿಗೆ ಹೋಗಬೇಕಾದರೆ ಮಾಲೀಕರು ಮೊದಲು ಹಣ ಕಟ್ಟಬೇಕೆಂಬ ನಿಯಮವಿತ್ತು, ಅವರು ಹೋಗಲಿಲ್ಲ. ಹಣವನ್ನೂ ಕೊಡಲಿಲ್ಲ. ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾಗದ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಯಿತು. ಜಾಗದ ಮಾರಾಟದ ಮಾತುಕತೆ ಕೊನೆಯ ಹಂತದಲ್ಲಿತ್ತು, ಆ ಹೊತ್ತಿಗೆ ಆರ್‌ಟಿಸಿಯಲ್ಲಿ ಬಾಕಿ ನಮೂದಾಗುವುದು ಯಾರಿಗೆ ಬೇಕು? ಎರಡು ಚೆಕ್ಕು ಬಂದವು. ಸೊಸೈಟಿಯ ಸಾಲ ತೀರಿತು, ಉಳಿದದ್ದನ್ನು ಹೆಂಡತಿಯ ಹೆಸರಿನಲ್ಲಿ ಠೇವಣಿ ಇಟ್ಟೆ. ಪಿಂಚಣಿ ತಿಂಗಳಿಗೆ ಎರಡು ಸಾವಿರ ಮುಟ್ಟುವುದಿಲ್ಲ.

ಆಮೇಲೊಮ್ಮೆ ಹಂಪನಕಟ್ಟೆಯಲ್ಲಿ ಸಣ್ಣ ಧಣಿ ಎದುರಾದರು. ಕಾರು ನಿಲ್ಲಿಸಿ ಇಳಿದೇ ಮಾತಾಡಿಸಿದರು, ಆ ಮರ್ಯಾದೆ ಆ ಮನೆಯವರಲ್ಲಿ ಈಗಲೂ ಉಂಟು. "ಕೋರ್ಟು ಕಚೇರಿ ಯಾಕೆ ಮಾಡಿದಿರಿ, ಕೇಳಿದ್ದರೆ ನಾವೇ ಕೊಡುತ್ತಿರಲಿಲ್ಲವಾ?" ಎಂದರು. ಮೂರು ಸಲ ಕಾಗದ ಬರೆದಿದ್ದೆನಲ್ಲ ಎಂದೆ. "ಅದು ನನ್ನವರೆಗೆ ಬರಲಿಲ್ಲ, ಆಫೀಸಿನಲ್ಲೇ ಉಳಿದಿರಬೇಕು" ಎಂದರು. ಇದ್ದರೂ ಇರಬಹುದು. ಆ ಆಫೀಸಿನಲ್ಲಿ ಟಪಾಲು ಒಡೆದು ಧಣಿಗಳ ಮೇಜಿಗೆ ಇಡುತ್ತಿದ್ದವನು ನಾನೊಬ್ಬನೇ.