ಹೊತ್ತು ಹೋಗದ ಊರು

ವರ್ಗದ ಆಜ್ಞೆ ಬಂದ ದಿನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಸಂಬಳದ್ದಲ್ಲ, ಬಾಡಿಗೆಯದೂ ಅಲ್ಲ. 'ಅಲ್ಲಿ ಹೊತ್ತು ಹೋಗುತ್ತದೆಯೇ?' ಎಂಬುದೇ ಆ ಪ್ರಶ್ನೆ. ನಗರದಲ್ಲಿದ್ದಷ್ಟು ದಿನವೂ ಹೊತ್ತು ಸಿಕ್ಕುವುದಿಲ್ಲವೆಂದು ಗೊಣಗುತ್ತಿದ್ದವರೇ ಈ ಪ್ರಶ್ನೆಯನ್ನು ಕೇಳುವವರು. ಸಿಕ್ಕದಿದ್ದಾಗ ಬೇಕೆನಿಸುವ, ಸಿಕ್ಕಿದೊಡನೆ ಹೇಗೆ ಕಳೆಯಲೆಂದು ದಿಗಿಲು ಹುಟ್ಟಿಸುವ ಇಂಥ ಸಂಪತ್ತು ಲೋಕದಲ್ಲಿ ಇನ್ನೊಂದಿಲ್ಲ.

ಮಲ್ಲೇಶ್ವರದಿಂದ ಮಾಸೂರಿಗೆ ವರ್ಗವಾದ ಗುಮಾಸ್ತನೊಬ್ಬನ ಸಂಸಾರವನ್ನು ಓದುಗರು ಊಹಿಸಿಕೊಳ್ಳಬಹುದು. ಅದಕ್ಕೆ ಹೆಚ್ಚಿನ ಶ್ರಮ ಬೇಕಿಲ್ಲ. ಪ್ರತಿಯೊಂದು ಕಚೇರಿಯಲ್ಲಿಯೂ, ಪ್ರತಿಯೊಂದು ಹೈಸ್ಕೂಲಿನಲ್ಲಿಯೂ ಇಂಥವರು ಇದ್ದೇ ಇರುತ್ತಾರೆ. ಗಂಡ, ಹೆಂಡತಿ, ಐದು ವರ್ಷದ ಮಗು. ಹೆಂಡತಿ ಬಿ.ಎಸ್‌ಸಿ. ಓದಿದವಳು, ಹುಟ್ಟಿ ಬೆಳೆದದ್ದು ಸಂಪಿಗೆ ರಸ್ತೆಯ ಗದ್ದಲದಲ್ಲಿ. ಮಾಸೂರು ಎಲ್ಲಿದೆಯೆಂದು ನಕಾಶೆಯಲ್ಲಿ ಹುಡುಕಿದಾಗ ಅವರ ಬೆರಳು ಹಾವೇರಿ ಜಿಲ್ಲೆಯ ದಕ್ಷಿಣದ ಅಂಚಿಗೆ, ಶಿಕಾರಿಪುರದ ಸೀಮೆಗೆ ತಾಗಿದಂತೆ ಇರುವ ಒಂದು ಚುಕ್ಕೆಯ ಮೇಲೆ ನಿಲ್ಲುತ್ತದೆ. ಹಿರೇಕೆರೂರಿಗೆ, ರಟ್ಟೀಹಳ್ಳಿಗೆ, ಶಿಕಾರಿಪುರಕ್ಕೆ ಇಲ್ಲಿಂದ ರಸ್ತೆಗಳುಂಟು. ರೈಲು ಮಾತ್ರ ಇದುವರೆಗೆ ಬಂದಿಲ್ಲ.

ಮೊದಲ ವಾರ ಗುಮಾಸ್ತನಿಗೆ ಸ್ವರ್ಗ. ಸಂಜೆ ಕಚೇರಿಯಿಂದ ಮನೆಗೆ ನಡೆದು ಬರಲು ಏಳು ನಿಮಿಷ ಸಾಕು. ನಗರದಲ್ಲಿ ಅದೇ ಹಾದಿಗೆ ಒಂದೂಕಾಲು ಗಂಟೆ ತೆರುತ್ತಿದ್ದವನಿಗೆ ದಿನಕ್ಕೆ ಎರಡು ಗಂಟೆಗಳ ಲಾಭ! ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರೆ ಮನೆಗೆ ಮರಳುವ ಎಮ್ಮೆಗಳ ಗೊರಸಿನ ಸದ್ದು, ಎದುರು ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಎಲ್ಲೋ ಒಂದು ಟ್ರ್ಯಾಕ್ಟರು, ಕಡೆಯ ಬಸ್ಸಿನ ಹಾರನ್ನು. ಆಮೇಲೆ ಏನೂ ಇಲ್ಲ. ಆ 'ಏನೂ ಇಲ್ಲ' ಎಂಬುದನ್ನು ಆತ ಹಾಲಿನಂತೆ ಗುಟುಕು ಗುಟುಕಾಗಿ ಕುಡಿಯುತ್ತಾನೆ.

ಎರಡನೆಯ ತಿಂಗಳಲ್ಲಿ ಹೆಂಡತಿ ಒಂದು ರಾತ್ರಿ ಅನ್ನ ಬಡಿಸುತ್ತ ಕೇಳುತ್ತಾಳೆ: "ಈ ಊರಿನಲ್ಲಿ ಏನಾದರೂ ಆಗುತ್ತದೆಯೇ?"

ಕೇಳಿದ್ದು ಇಷ್ಟೇ. ಆದರೆ ಪ್ರಶ್ನೆ ಸಣ್ಣದಲ್ಲ.

ಏನಾದರೂ ಆಗುತ್ತದೆಯೇ ಎಂಬುದಕ್ಕೆ ಆತ ಊರಿನ ಹಿರಿಯರಿಂದ ಉತ್ತರ ಸಂಪಾದಿಸಿಕೊಂಡು ಬರುತ್ತಾನೆ. ಗತಕಾಲದ ಉತ್ತರಕ್ಕೆ ಇಲ್ಲಿ ಬರವಿಲ್ಲ. ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಏರಿ ಕಟ್ಟಿದರು. ಒಂದು ಕಾಲದಲ್ಲಿ ಸಮುದ್ರದಂತೆ ಹರಡಿದ್ದ ಆ ಮದಗದ ಕೆರೆ ಏರಿಯೊಡೆದು ಕುಗ್ಗಿತು. ಇಂದು ಉಳಿದಿರುವುದು ಅದರ ಒಂದು ಅಂಶ ಮಾತ್ರ. ಆದರೂ ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ನೀರು ಧುಮ್ಮಿಕ್ಕುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಇದೇ ಸೀಮೆಯ ಅಬಲೂರಿನಲ್ಲಿ ಏಕಾಂತದ ರಾಮಯ್ಯ ಶಿರಸ್ಸನ್ನು ಕತ್ತರಿಸಿ ಶಿವನಿಗೆ ಒಪ್ಪಿಸಿ ಮರಳಿ ಪಡೆದನೆಂದು ಅಲ್ಲಿಯ ಶಾಸನವೇ ಸಾರುತ್ತದೆ. ಎಂಟು ನೂರು ವರ್ಷಗಳಿಗೂ ಹಿಂದಿನ ಆ ಕೋಲಾಹಲ ಸೋಮೇಶ್ವರ ದೇವಾಲಯದ ಕಲ್ಲಿನಲ್ಲಿ ಇಂದಿಗೂ ನಿಂತಿದೆ. ಇನ್ನು ರಾಜ್ಯಗಳ ಗಡಿಯ ಮಾತು. 1956ರ ನವೆಂಬರ್ 1ರವರೆಗೆ ಮಾಸೂರು ಮುಂಬಯಿ ರಾಜ್ಯದ್ದು, ನೆರೆಯ ಶಿಕಾರಿಪುರ ಮೈಸೂರಿನದು. ಬೀಗರ ಮನೆಗೆ ಹೋಗಬೇಕಾದವರು ರಾಜ್ಯವನ್ನೇ ದಾಟಿ ಹೋಗುತ್ತಿದ್ದರು.

"ಅದೆಲ್ಲ ಆದದ್ದು, ಆಗುವುದು ಏನು?" ಎಂದು ಆಕೆ ಮತ್ತೆ ಕೇಳುತ್ತಾಳೆ. ಬಿ.ಎಸ್‌ಸಿ. ಓದಿದವಳು ಕಾಲವಾಚಕಗಳಲ್ಲಿ ಮೋಸಹೋಗುವುದಿಲ್ಲ.

ಊರಿನ ಬಹುದೊಡ್ಡ ಹೆಮ್ಮೆಯ ಮಾತು ಇನ್ನೂ ಉಳಿದಿದೆ; ವಾದದಲ್ಲಿ ಸೋಲುವ ಗಂಡಸು ಅದನ್ನು ಕೊನೆಯ ಅಸ್ತ್ರವಾಗಿ ಎತ್ತುತ್ತಾನೆ. ಸರ್ವಜ್ಞ ಈ ಊರಿನವನು! ಮಾಸೂರಿನ ಬಸವರಸನೇ ತಂದೆ, ಅಂಬಲೂರಿನ ಕುಂಬಾರರ ಮಾಳಿಯೇ ತಾಯಿ ಎಂದು ಪರಂಪರೆ ಹೇಳುತ್ತದೆ. ಅವನ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯುಂಟು. ತ್ರಿಪದಿಗಳನ್ನು ಕುರಿತು ಜನರಲ್ಲಿ ಚರ್ಚೆಯಿಲ್ಲ. ಬಾಯಿಂದ ಬಾಯಿಗೆ ದಾಟುತ್ತಿದ್ದ ಆ ಪದ್ಯಗಳನ್ನು ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಬಹುಕಾಲ ಶ್ರಮಿಸಿ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಬಳಿ ತಿರುವಳ್ಳುವರರ ಪ್ರತಿಮೆಯ ಅನಾವರಣವಾದಾಗ, ಅದೇ ತಿಂಗಳು ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯ ಅನಾವರಣವೂ ಆಯಿತು.

ಆಕೆ ಎಲ್ಲವನ್ನೂ ಕೇಳಿ, ಸಾರಿನ ಸೌಟನ್ನು ಕೆಳಗಿಟ್ಟು, ಒಂದೇ ಮಾತು ಹೇಳುತ್ತಾಳೆ: "ಆ ಮಹಾನುಭಾವ ಇಲ್ಲಿ ನಿಂತನೇ?"

ನಿಲ್ಲಲಿಲ್ಲ. ಮನೆಯನ್ನು ಬಿಟ್ಟು, ಊರನ್ನು ಬಿಟ್ಟು, ಕೈಯಲ್ಲೊಂದು ಕಪ್ಪರ ಹಿಡಿದು ನಾಡೆಲ್ಲ ತಿರುಗಿದನೆಂದೇ ಜನ ನಂಬಿದ್ದಾರೆ. ಶಾಂತವಾದ ಊರು ತನ್ನ ಮಕ್ಕಳಲ್ಲಿ ಯಾರನ್ನು ಕುರಿತು ಹೆಚ್ಚಾಗಿ ಹೆಮ್ಮೆಪಡುತ್ತದೆಯೋ ಅವನು ಬಿಟ್ಟುಹೋದವನು. ಇದು ಮಾಸೂರಿನ ದೋಷವಲ್ಲ. ಎಲ್ಲ ಸಣ್ಣ ಊರುಗಳ ಹಣೆಬರಹ. ಆದರೆ ಈ ವಾದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಸರ್ವಜ್ಞನ ಪದ್ಯಗಳಲ್ಲಿ ಮೇಟಿ ಬರುತ್ತದೆ, ರಾಗಿ ಜೋಳಗಳು ಬರುತ್ತವೆ, ಸಾಲಗಾರ ಬರುತ್ತಾನೆ, ಅಕ್ಕಸಾಲಿ ಬರುತ್ತಾನೆ. ಇವೆಲ್ಲ ಸಣ್ಣ ಊರಿನ ಓಣಿಗಳಲ್ಲಿ ಕಣ್ಣು ತೆರೆದುಕೊಂಡು ಓಡಾಡಿದವನಿಗೆ ಮಾತ್ರ ದಕ್ಕುವ ಸಾಮಗ್ರಿ. ಕಾಲು ಊರನ್ನು ಬಿಟ್ಟಿತು, ಕಣ್ಣು ಬಿಡಲಿಲ್ಲ.

ನಿಂತೇ ಗೆದ್ದವರು ಇಲ್ಲವೆಂದಲ್ಲ. 1997ರಲ್ಲಿ ಹಾವೇರಿ ಜಿಲ್ಲೆ ಬೇರೆಯಾಗುವವರೆಗೆ ಮಾಸೂರು ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಮುಖ್ಯ ಪಟ್ಟಣದ ಅಂಚಿನಲ್ಲಿ, ಕೆರೆಯೊಂದರ ಮಗ್ಗುಲಲ್ಲಿ, ಸಾಧನಕೇರಿ ಎಂಬ ಹೊರಬಡಾವಣೆಯುಂಟು. ದ. ರಾ. ಬೇಂದ್ರೆಯವರು ಬಾಳಿದ್ದು ಅಲ್ಲಿ. 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳಿ, ಮರಳಿ ಅದೇ ಕೇರಿಗೆ ಬಂದರು. ಆ ಕೇರಿಗೆ ಬರುವಂತೆ ಲೋಕವನ್ನು ಕರೆಯುವ ಒಂದು ಕವಿತೆಯನ್ನೇ ಬರೆದರು. ಕೇರಿಯಲ್ಲಿ ಇದ್ದದ್ದು ಮಳೆ, ಕೆಸರು, ಹಸುರು, ಹಕ್ಕಿ, ಆಕಾಶ. ಬೇಸರಪಡುವವನಿಗೆ ಇವೇ ಬೇಸರದ ಪಟ್ಟಿ. ಅವರಿಗೆ ಇವೇ ಐಶ್ವರ್ಯದ ಪಟ್ಟಿ. 'ನಾಕು ತಂತಿ'ಗೆ ಜ್ಞಾನಪೀಠ ಪ್ರಶಸ್ತಿ ಬಂದಾಗಲೂ ವಿಳಾಸ ಬದಲಾಗಲಿಲ್ಲ.

ಆದರೆ ಬೇಂದ್ರೆಯವರ ನಿದರ್ಶನವನ್ನು ಅರ್ಧಕ್ಕೆ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಅವರು ಮೌನದಲ್ಲಿ ಒಬ್ಬಂಟಿಯಾಗಿ ಕುಳಿತವರಲ್ಲ. 1922ರಲ್ಲಿ ಧಾರವಾಡದಲ್ಲಿ ಹುಟ್ಟಿದ 'ಗೆಳೆಯರ ಗುಂಪು' ಅವರ ಸುತ್ತ ಇತ್ತು. ಓದಿದ್ದನ್ನು ಹೇಳಲು, ಬರೆದದ್ದನ್ನು ಕೇಳಿಸಲು, ಜಗಳವಾಡಲು, ರಾಜಿಯಾಗಲು ಜನವಿತ್ತು. ಶಾಂತವಾದ ಕೇರಿ ಮನಸ್ಸನ್ನು ಹದಗೊಳಿಸಿದ ಹೊಲ. ಗೆಳೆಯರ ಮಾತು ಅದರ ಮೇಲೆ ಬಿದ್ದ ಮಳೆ. ಮಳೆಯಿಲ್ಲದ ಹೊಲವನ್ನು ಎಷ್ಟು ಹದಗೊಳಿಸಿದರೂ ಅದು ಬಯಲೇ.

ಸದ್ದಿಲ್ಲದ ಬಡಾವಣೆ ಎಂಬುದು ಒಂದು ಕಾಲದಲ್ಲಿ ಔಷಧವೇ ಆಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದರು. ಗಾಳಿ ಬೆಳಕುಗಳಿಗಾಗಿ ಊರಿನ ಹೊರಗೆ ಅಗಲವಾದ ಬೀದಿಗಳನ್ನು ಗೀಚಿ ಹೊಸ ಬಡಾವಣೆಗಳನ್ನು ಬೆಳೆಸಿದರು. ಕಾಡು ಮಲ್ಲೇಶ್ವರನ ಗುಡಿಯಿಂದ ಒಂದಕ್ಕೆ ಮಲ್ಲೇಶ್ವರವೆಂದು, ದೊಡ್ಡ ಬಸವಣ್ಣನ ಗುಡಿಯಿಂದ ಇನ್ನೊಂದಕ್ಕೆ ಬಸವನಗುಡಿಯೆಂದು ಹೆಸರಾಯಿತು. ಪೇಟೆಯ ಗಿಜಿಗಿಜಿಯಲ್ಲಿ ಬೆಳೆದವರಿಗೆ ಆ ಬಯಲು ಎಷ್ಟು ಭಣಗುಟ್ಟಿರಬೇಕು! 'ಅಲ್ಲಿ ಹೊತ್ತು ಹೋಗುತ್ತದೆಯೇ' ಎಂದು ಅಂದಿನ ಗೃಹಿಣಿಯರೂ ಕೇಳಿದ್ದರೆ ಆಶ್ಚರ್ಯವಿಲ್ಲ. ಇಂದು ಅದೇ ಮಲ್ಲೇಶ್ವರದಲ್ಲಿ ರಸ್ತೆ ದಾಟಲು ಕಾಲು ಗಂಟೆ ಕಾಯಬೇಕು. 2014ರಿಂದ ಮೆಟ್ರೋ ರೈಲು ಸಂಪಿಗೆ ರಸ್ತೆಯ ನಿಲ್ದಾಣಕ್ಕೆ ಬರುತ್ತಿದೆ. ಶಾಂತಿಯನ್ನು ಹುಡುಕಿಕೊಂಡು ಹೋದವರು ಒಬ್ಬೊಬ್ಬರಾಗಿ ಸೇರಿ ಶಾಂತಿಯನ್ನು ಓಡಿಸಿದರು. ಮಾಸೂರಿನಲ್ಲಿ ಮೌನದಿಂದ ಬೇಸತ್ತ ಆ ಹೆಣ್ಣುಮಗಳು ಹೀಗೆ ಮೌನಕ್ಕಾಗಿ ಕಟ್ಟಿದ ಬಡಾವಣೆಯ ಗದ್ದಲದಲ್ಲಿಯೇ ಹುಟ್ಟಿದವಳು.

ಈಗ ಆಕೆಯ ಪ್ರಶ್ನೆಗೆ ಮರಳಬೇಕು. ಗಂಡನಿಗೆ ಸ್ವರ್ಗವಾದದ್ದು ಹೆಂಡತಿಗೆ ಏಕೆ ಆಗಲಿಲ್ಲ? ಊರು ಒಂದೇ, ಜಗುಲಿ ಒಂದೇ, ಮೌನವೂ ಒಂದೇ. ವ್ಯತ್ಯಾಸವಿರುವುದು ಗಡಿಯಾರದಲ್ಲಿ. ಆತ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ನೂರು ಜನರೊಡನೆ ಮಾತನಾಡಿ ದಣಿದು ಬರುತ್ತಾನೆ. ದಣಿದವನಿಗೆ ಮೌನ ದಿಂಬು. ಆಕೆ ಅದೇ ಎಂಟು ಗಂಟೆಗಳನ್ನು ಗೋಡೆಗಳೊಡನೆ ಕಳೆದಿರುತ್ತಾಳೆ. ಮಾತಿಗಾಗಿ ಕಾದು ಕುಳಿತವಳಿಗೆ ಮೌನ ಇನ್ನೊಂದು ಗೋಡೆ. ಆತ ಬಂದೊಡನೆ ಬಯಸುವುದು ಸುಮ್ಮನಿರುವುದನ್ನು. ಆಕೆ ಬಯಸುವುದು ಯಾರಾದರೂ ಸುಮ್ಮನಿರದಿರುವುದನ್ನು. ಶಾಂತವಾದ ಊರುಗಳಲ್ಲಿ ಎಷ್ಟೋ ಸಂಸಾರಗಳು ಒಳಗೊಳಗೇ ಬಿರುಕುಬಿಡುವುದು ಈ ಜಾಗದಲ್ಲಿ. ಜಗಳವೂ ಆಗುವುದಿಲ್ಲ, ಜಗಳಕ್ಕೂ ಇಬ್ಬರು ಮಾತನಾಡಬೇಕಷ್ಟೆ.

ಗುಮಾಸ್ತ ಒಳ್ಳೆಯವನು. ಪರಿಹಾರವೆಂದು ಮೊದಲು ದೊಡ್ಡ ಟೆಲಿವಿಷನ್ನು ತಂದ. ಬಳಿಕ ಆಕೆಯ ಮೊಬೈಲಿಗೆ ಹೆಚ್ಚಿನ ಹಣ ಕಟ್ಟಿದ. ಎರಡೂ ಹೊತ್ತನ್ನು ಕಳೆದವು, ಬೇಸರವನ್ನು ಕಳೆಯಲಿಲ್ಲ. ಬೇಸರವೆಂದರೆ ಸದ್ದಿನ ಅಭಾವವಲ್ಲ, ತಾನು ಯಾರಿಗೂ ಬೇಕಾಗಿಲ್ಲವೆಂಬ ಭಾವನೆ ಎಂಬುದು ಆತನಿಗೆ ತಿಳಿಯಲು ಆರು ತಿಂಗಳು ಹಿಡಿಯಿತು.

ಸುಂಟಿಕೊಪ್ಪದ ಸಂಗತಿಯನ್ನು ಇಲ್ಲಿ ನೆನೆಯಬೇಕು. ಮಾಸೂರಿಗಿಂತಲೂ ಏಕಾಂತವಾದ ಕೊಡಗಿನ ಆ ಕಾಫಿತೋಟಗಳ ಸೀಮೆಯಲ್ಲಿ ಗೌರಮ್ಮನವರು ಸಂಸಾರ ಹೂಡಿದ್ದರು. ಅಲ್ಲಿಂದಲೇ ಕಥೆಗಳನ್ನು ಬರೆದರು. ಟೆನ್ನಿಸ್ ಆಡಿದರು, ಈಜಿದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಉಪವಾಸ ಹಿಡಿದು ಅವರನ್ನು ಮನೆಗೆ ಬರಮಾಡಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. 1939ರಲ್ಲಿ, ಇನ್ನೂ 27ರ ಪ್ರಾಯದಲ್ಲಿ, ನೀರಿನ ಪಾಲಾದರು. ಅವರು ಹೋದ ಮೇಲೆ 'ಕಂಬನಿ' ಎಂಬ ಹೆಸರಿನಲ್ಲಿ ಕಥೆಗಳು ಪುಸ್ತಕವಾಗಿ ಬಂದವು. ಅಷ್ಟು ಚಿಕ್ಕ ಬಾಳು, ಅಷ್ಟು ಮೌನವಾದ ಊರು. ಆದರೂ ಅವರ ಬಾಳನ್ನು ಬೇಸರದ್ದೆಂದು ಯಾರೂ ಹೇಳಲಾರರು. ಏಕೆಂದರೆ ಅಲ್ಲಿ ಊರು ಶಾಂತವಾಗಿತ್ತು, ಬಾಗಿಲು ಮುಚ್ಚಿರಲಿಲ್ಲ. ಹೆಣ್ಣಿಗೆ ಬೇಸರ ತರುವುದು ಮೌನಕ್ಕಿಂತ ಹೆಚ್ಚಾಗಿ ಬಾಗಿಲು.

ಮಾಸೂರಿನ ಬಾಗಿಲನ್ನು ಕೊನೆಗೆ ತೆರೆದವಳು ಎದುರು ಮನೆಯ ಮುದುಕಿ. "ಒಬ್ಬಾಕೀನ ಕುಂತರ ಹೊತ್ತು ಹ್ಯಾಂಗ ಹೋಗ್ತದವ್ವಾ, ಬಾ ಇಲ್ಲೆ" ಎಂದು ಕರೆದು ರೊಟ್ಟಿ ಬಡಿಯುವುದನ್ನು ಕಲಿಸಲು ಕೂಡಿಸಿಕೊಂಡಳು. ಬೆಂಗಳೂರಿನ ಕೈಯಲ್ಲಿ ಜೋಳದ ರೊಟ್ಟಿ ಮೊದಲ ದಿನ ನಕಾಶೆಯಾಯಿತು, ಎರಡನೆಯ ದಿನ ಹರಿಯಿತು, ಹದಿನೈದನೆಯ ದಿನ ದುಂಡಗಾಯಿತು. ಅಷ್ಟರಲ್ಲಿ ಮುದುಕಿಯ ಮೊಮ್ಮಗಳು ಹತ್ತನೆಯ ತರಗತಿಯ ಲೆಕ್ಕದ ಪುಸ್ತಕವನ್ನು ಹಿಡಿದು ಜಗುಲಿಗೆ ಬಂದಿದ್ದಳು. ಒಬ್ಬಳು ಬಂದ ಕಡೆ ನಾಲ್ವರಾದರು. ಬಿ.ಎಸ್‌ಸಿ. ಪದವಿ ಪೆಟ್ಟಿಗೆಯ ತಳದಿಂದ ಮೇಲಕ್ಕೆ ಬಂತು. ಸಂಜೆ ಗುಮಾಸ್ತ ಮನೆಗೆ ಬಂದರೆ ಅವನ ಕುರ್ಚಿಯಲ್ಲಿ ಯಾರೋ ಹುಡುಗಿ ಕುಳಿತು ತ್ರಿಕೋನಮಿತಿ ಮಾಡುತ್ತಿರುತ್ತಾಳೆ. ಆತನ ಮೌನಕ್ಕೆ ಅಲ್ಲಿಗೆ ಮುಕ್ತಾಯ. ಒಳಗೆ ಹೋಗಿ ತಾನೇ ಚಹಾ ಕಾಸಿಕೊಳ್ಳುತ್ತಾನೆ, ಎರಡು ಬಟ್ಟಲು.

ಇದರಿಂದ ಎಲ್ಲವೂ ಸರಿಹೋಯಿತೆಂದು ಬರೆಯುವುದು ಕಥೆಗಾರರಿಗೆ ಒಪ್ಪುವ ಮಾತು. ಬಾಳಿನಲ್ಲಿ ಹಾಗಾಗುವುದಿಲ್ಲ. ಮಳೆ ಹಿಡಿದ ಆಷಾಢದ ಮಧ್ಯಾಹ್ನಗಳಲ್ಲಿ, ಹುಡುಗಿಯರು ಬಾರದ ರಜೆಯ ದಿನಗಳಲ್ಲಿ, ಆಕೆ ಇಂದಿಗೂ ಕಿಟಕಿಯ ಬಳಿ ನಿಂತು ಬಸ್ಸಿನ ಹಾದಿಯನ್ನು ನೋಡುತ್ತಾಳೆ. ಮಗುವಿಗೆ ಜ್ವರ ಬಂದ ರಾತ್ರಿ, ದೊಡ್ಡ ಆಸ್ಪತ್ರೆ ಎಷ್ಟು ದೂರವಿದೆಯೆಂದು ಲೆಕ್ಕ ಹಾಕುವಾಗ, ಶಾಂತಿಯ ಹೊಗಳಿಕೆಯೆಲ್ಲ ಬಾಯಿಯಲ್ಲೇ ಒಣಗುತ್ತದೆ. ಸಣ್ಣ ಊರಿನ ಮೌನವನ್ನು ಹಾಡಿ ಹೊಗಳುವವರು ಅಂಥ ಒಂದು ರಾತ್ರಿಯನ್ನು ಅಲ್ಲಿ ಕಳೆದು ಬಂದು ಹಾಡಿದರೆ ಹಾಡಿಗೆ ಹೆಚ್ಚಿನ ತೂಕ ಬಂದೀತು. ಬೇಸರವನ್ನು ದೂರುವವರೂ ಎದುರು ಮನೆಯ ಬಾಗಿಲನ್ನು ಒಮ್ಮೆ ತಟ್ಟಿ ಬಂದು ದೂರಿದರೆ ದೂರಿಗೆ ಅಷ್ಟೇ ತೂಕ ಬಂದೀತು.

ಮೂರು ವರ್ಷ ಕಳೆದು ಬೆಂಗಳೂರಿಗೆ ಮರಳುವ ಆಜ್ಞೆ ಬರುತ್ತದೆ. ಆಕೆ ಅಂದಿನಿಂದಲೇ ಸಾಮಾನು ಕಟ್ಟಲು ತೊಡಗುತ್ತಾಳೆ. ಮಗುವಿನ ಶಾಲೆ, ತವರಿನವರು, ಸಂಪಿಗೆ ರಸ್ತೆಯ ಹೂವಿನ ಅಂಗಡಿಗಳು ಎಲ್ಲವನ್ನೂ ಎಣಿಸಿ ಎಣಿಸಿ ಸಂತೋಷಪಡುತ್ತಾಳೆ. ಆ ಸಂತೋಷದಲ್ಲಿ ಸುಳ್ಳಿಲ್ಲ. ಕಡೆಯ ರಾತ್ರಿ, ಪೆಟ್ಟಿಗೆಗಳ ನಡುವೆ ಹಾಸಿಗೆ ಹಾಸುತ್ತ, ಎದುರು ಮನೆಯ ದೀಪ ಆರುವುದನ್ನು ನೋಡಿ, ಗಂಡನನ್ನು ಕೇಳುತ್ತಾಳೆ:

"ಅಲ್ಲಿ ಹೊತ್ತು ಸಿಕ್ಕುತ್ತದೆಯೇ?"